ಟ್ರಂಕಿನ ಸೀರೆ, ಅಡಿಕೆ ಚೊಗರು, ಒಂದು ಜುಬ್ಬ

ಗುಬ್ಬಿ ತಾಲ್ಲೂಕಿನ ಬೇಸಿಗೆ ಫ್ಯಾಷನ್ ಯಾವುದು ಎಂದು ಯಾರಾದರೂ ಕೇಳಿದರೆ ಹಿಂದೆಮುಂದೆ ನೋಡದೆ ಹೇಳಬಹುದು: ನೈಟಿ, ಅದರ ಮೇಲೊಂದು ಟವೆಲ್ಲು. ನಿಟ್ಟೂರಿನ ಹೆದ್ದಾರಿ ಬಿಟ್ಟು ಒಳಬೀದಿಗೆ ಕಾಲಿಟ್ಟರೆ ಸಾಕು. ಡೇರಿಗೆ ಹಾಲು ಹಾಕಲು ಹೊರಟವರು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರು, ನಲ್ಲಿ ನೀರಿಗೆ ಕಾದವರು ಎಲ್ಲರ ಮೈಮೇಲೂ ಅದೇ. ಮಲಗುವ ಕೋಣೆಗೆಂದು ಹುಟ್ಟಿದ ಉಡುಪು ಹಗಲಿನ ಬೀದಿಯನ್ನು ಗೆದ್ದುಕೊಂಡದ್ದು ಯಾವ ಜಾಹೀರಾತಿನ ಬಲದಿಂದಲೂ ಅಲ್ಲ, ಸೆಕೆಯ ಬಲದಿಂದ. ಇದನ್ನು ಕಂಡು ಮುಖ ಸಿಂಡರಿಸುವವರು ಎಲ್ಲ ಕಡೆಯೂ ಇದ್ದಾರೆ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯ ಹಿರಿಯರು ಹಗಲು ಹೊತ್ತು ನೈಟಿಯಲ್ಲಿ ಹೊರಬಂದರೆ 2,000 ರೂಪಾಯಿ ದಂಡ ಎಂದು ಡಂಗುರ ಹೊಡೆಸಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಸೂರಿನ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ಮುದ್ದೆ ತೊಳಸಿದ್ದರೆ ಆ ಹಿರಿಯರು ಡಂಗುರದವನನ್ನು ವಾಪಸು ಕರೆಸುತ್ತಿದ್ದರೇನೋ.

ನೈಟಿಯ ಆಕಾರ ಸರಿಯಾಗಿದೆ. ಭುಜದಿಂದ ಇಳಿಬಿದ್ದ ಬಟ್ಟೆ, ಸೊಂಟದಲ್ಲಿ ಬಿಗಿಯಿಲ್ಲ, ಕೆಳಗಿನಿಂದ ಗಾಳಿ ನುಗ್ಗಿ ಕತ್ತಿನ ಬಳಿ ಹೊರಬೀಳುತ್ತದೆ. ಎಡವಟ್ಟಾಗಿರುವುದು ಬಟ್ಟೆಯಲ್ಲಿ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಅಗ್ಗದ ನೈಟಿಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್, ಇಲ್ಲವೇ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದು. ಗಂಡಸರದ್ದು ಇದಕ್ಕೆ ತಿರುಗುಮುರುಗು. ಅಂಗಿಯ ಬಟ್ಟೆ ಒಮ್ಮೊಮ್ಮೆ ಹತ್ತಿಯದೇ ಇರುತ್ತದೆ, ಆದರೆ ಎದೆಗೂ ತೋಳಿಗೂ ಅಂಟಿಕೊಂಡ ‘ಸ್ಲಿಮ್ ಫಿಟ್’ ಹೊಲಿಗೆ, ಮೇಲೆ ಕಾಲರು, ಕೆಳಗೆ ಜೀನ್ಸು. ಒಬ್ಬರಿಗೆ ಆಕಾರ ಸಿಕ್ಕಿದೆ, ಇನ್ನೊಬ್ಬರಿಗೆ ಬಟ್ಟೆ ಸಿಕ್ಕಿದೆ. ಎರಡನ್ನೂ ಒಂದೇ ಉಡುಪಿನಲ್ಲಿ ಕೂಡಿಸಲು ತುಮಕೂರಿನ ಎಂ.ಜಿ. ರಸ್ತೆಗೆ ಹೋಗಿ ಲಿನನ್ ಕೊಳ್ಳಬೇಕಾಗಿಲ್ಲ. ಬೇಕಾದ ಸಾಮಾನು ಮನೆಯ ಟ್ರಂಕಿನಲ್ಲೇ ಇದೆ.

ಅದಕ್ಕೂ ಮುಂಚೆ ನಮ್ಮ ಸೆಕೆ ಎಂಥದ್ದೆಂದು ತಿಳಿದಿರಬೇಕು. ತುಮಕೂರು ಸೀಮೆಯದು ಒಣ ಬಿಸಿಲು. ಮಂಗಳೂರಿನಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ, ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಕೊಂಡಿರುತ್ತದೆ. ನಮ್ಮ ಕಡೆ ಚೈತ್ರ-ವೈಶಾಖದ ಮಧ್ಯಾಹ್ನದ ಗಾಳಿಗೆ ಬಾಯಾರಿಕೆ. ಒಗೆದು ಹರವಿದ ಪಂಚೆ ಅರ್ಧ ಗಂಟೆಯಲ್ಲಿ ಗರಿಗರಿ. ಬೆವರಿಗೂ ಹಾಗೇ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು, ಆ ಶಾಖವನ್ನು ಅದು ಹೆಚ್ಚಾಗಿ ಮೈಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಅಂದರೆ ಇಲ್ಲಿನ ಬಟ್ಟೆ ಮಾಡಬೇಕಾದ ಕೆಲಸ ಎರಡೇ: ಬೆವರನ್ನು ಹೀರಬೇಕು, ಗಾಳಿಗೆ ದಾರಿ ಬಿಡಬೇಕು. ನೂರು ಗ್ರಾಂ ಒಣಹತ್ತಿ ಸಾಧಾರಣ ಹವೆಯಲ್ಲಿ ಸುಮ್ಮನೆ ಇಟ್ಟರೂ ಎಂಟು ಗ್ರಾಂ ಚಿಲ್ಲರೆ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಎಳೆದುಕೊಳ್ಳದು. ಆಟಗಾರರ ಟೀ ಶರ್ಟು ಪಾಲಿಯೆಸ್ಟರೇ ಅಲ್ಲವೇ ಎಂದರೆ ಹೌದು, ಅದರ ಎಳೆ, ಹೆಣಿಗೆ ಎರಡೂ ಬೇರೆ, ಬೆವರನ್ನು ಹೊರಮೈಗೆ ದಾಟಿಸಲೆಂದೇ ಮಾಡಿದ್ದು. ಸಂತೆಯ ನೈಟಿಗೂ ಅದಕ್ಕೂ ಹೆಸರಿನ ನೆಂಟಸ್ತಿಕೆ ಅಷ್ಟೆ.

ಬಣ್ಣದ ಮಾತು ಬಂದರೆ ಎಲ್ಲರೂ ಬಿಳಿ ಎನ್ನುತ್ತಾರೆ. ಮೈಗಂಟಿದ ಅಂಗಿಯಾದರೆ ಬಿಳಿಯೇ ಸರಿ. ಆದರೆ ಮರುಭೂಮಿಯ ಬೆದೂಯಿನ್ ಅಲೆಮಾರಿಗಳು ಕಪ್ಪು ನಿಲುವಂಗಿ ತೊಡುತ್ತಾರೆ. ಅದು ಯಾಕೆ ಎಂದು ಕೆಲವು ವಿಜ್ಞಾನಿಗಳು ಬಿಸಿಲಲ್ಲಿ ಮನುಷ್ಯನನ್ನು ನಿಲ್ಲಿಸಿ ಅಳೆದೇ ನೋಡಿದರು. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು: ಕಪ್ಪು ನಿಲುವಂಗಿಯ ಬಟ್ಟೆ ಹೆಚ್ಚು ಕಾಯುತ್ತದೆ ನಿಜ, ಆದರೆ ಆ ಹೆಚ್ಚಿನ ಕಾವು ಚರ್ಮಕ್ಕೆ ತಲುಪುವ ಮುಂಚೆಯೇ ಬಟ್ಟೆಗೂ ಮೈಗೂ ನಡುವಿನ ಗಾಳಿ ಅದನ್ನು ಹೊತ್ತೊಯ್ಯುತ್ತದೆ, ಮೈಗೆ ತಾಗುವ ಶಾಖ ಕಪ್ಪಾದರೂ ಬಿಳಿಯಾದರೂ ಒಂದೇ. ಗುಟ್ಟು ಸಡಿಲದಲ್ಲಿತ್ತು. ನಮ್ಮಲ್ಲಿ ಬೇಸಿಗೆ ಬಟ್ಟೆಯ ಬಗ್ಗೆ ನಡೆಯುವ ಮಾತೆಲ್ಲ ಬಣ್ಣದ ಸುತ್ತ, ‘ಪ್ಯೂರ್ ಕಾಟನ್’ ಚೀಟಿಯ ಸುತ್ತ ತಿರುಗುತ್ತದೆ. ಅಳತೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಟೈಲರ್ ಮಾತ್ರ ಕೇಳುತ್ತಾರೆ, ಅದೂ ಟೇಪು ಹಿಡಿದ ಗಳಿಗೆಯಲ್ಲಿ.

“ಅಕ್ಕಾ, ಒಂದಿಂಚು ಲೂಸ್ ಬಿಡ್ಲಾ?”

“ಬೇಡಪ್ಪ, ಚೀಲ ಚೀಲ ಕಾಣ್ಸುತ್ತೆ. ಫಿಟ್ಟಾಗೇ ಇರ್ಲಿ.”

ಹೀಗೆ ಫಿಟ್ಟಾಗಿ ಹೊಲಿಸಿಕೊಂಡು, ಒಳಗೆ ಸಿಂಥೆಟಿಕ್ ಲೈನಿಂಗ್ ಕೊಡಿಸಿಕೊಂಡು, ಮೇ ತಿಂಗಳ ಮದುವೆ ಛತ್ರದಲ್ಲಿ ಊಟದ ಎಲೆಯಿಂದಲೇ ಗಾಳಿ ಬೀಸಿಕೊಳ್ಳುವವರು ನಾವು. ಬೇಸಿಗೆಯಲ್ಲಿ ನಮಗಿಂತ ಹೆಚ್ಚು ಬೇಯುವವರೆಂದರೆ ಜಾತ್ರೆ ನಾಟಕದ ಪಾತ್ರಧಾರಿಗಳು ಮಾತ್ರ. ಗುಬ್ಬಿ ವೀರಣ್ಣನವರ ನಾಡಲ್ಲವೇ, ಸುಗ್ಗಿ ಮುಗಿದ ಮೇಲೆ ಯಾವ ಹಳ್ಳಿಗೆ ಹೋದರೂ ‘ಕುರುಕ್ಷೇತ್ರ’. ಬಾಡಿಗೆಗೆ ತಂದ ಮಖಮಲ್ಲಿನ ಅಂಗಿ, ಅದರ ಮೇಲೆ ಜರಿ, ಎದೆಕಟ್ಟು, ಕಿರೀಟ, ನೆತ್ತಿಯ ಮೇಲೆ ಸಾಲು ದೀಪ. ದುರ್ಯೋಧನನಿಗೆ ವೈಶಂಪಾಯನ ಸರೋವರ ಯಾಕೆ ಬೇಕಾಯಿತು ಎಂಬುದು ಆ ವೇಷ ತೊಟ್ಟವರಿಗೇ ಗೊತ್ತು.

ಟ್ರಂಕಿಗೆ ಬರೋಣ. ಅಜ್ಜಿಯದೋ ಅತ್ತೆಯದೋ ನಾಲ್ಕಾರು ನೂಲಿನ ಸೀರೆ, ಅಂಚು ಸವೆದ ಎಂಟು ಮೊಳದ ಪಂಚೆ, ಬಣ್ಣ ಮಾಸಿದ ಲುಂಗಿ ಇಲ್ಲದ ಮನೆ ಈ ಕಡೆ ಕಡಿಮೆ. ಇವು ಸಾಮಾನ್ಯವಾಗಿ ಒರೆಸುವ ಬಟ್ಟೆಯಾಗಿ, ಕೂಸಿನ ತೊಟ್ಟಿಲಾಗಿ, ಇಲ್ಲವೇ ಪಾತ್ರೆಯವರಿಗೆ ಹೋಗಿ ಸ್ಟೀಲ್ ಡಬ್ಬಿಯಾಗಿ ಮುಗಿಯುತ್ತವೆ. ಆದರೆ ನೂರಾರು ಸಲ ಒಗೆದ ನೂಲಿನಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಟು, ಗಂಜಿ ಎಲ್ಲ ಹೋಗಿ ಎಳೆ ಬಿಡಿಬಿಡಿಯಾಗಿರುತ್ತದೆ, ಇನ್ನು ಕುಗ್ಗುವ ಭಯವಿಲ್ಲ, ಬಣ್ಣ ಬಿಡುವುದಿದ್ದರೆ ಎಂದೋ ಬಿಟ್ಟಿರುತ್ತದೆ.

ಮೊದಲ ಕೆಲಸ, ಸೀರೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡುವುದು. ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೂತು ಎದ್ದು ಸವೆದ ಸೊಂಟದ ಭಾಗ, ನೆಲಕ್ಕೆ ತಾಗುವ ಕೆಳ ಅಂಚು, ಪಿನ್ನು ಚುಚ್ಚಿದ ಭುಜದ ಜಾಗ ಇಷ್ಟರಲ್ಲಿ ಎಳೆ ತೆಳುವಾಗಿ ಬೆಳಕು ಜಾಳಿಗೆಯಂತೆ ಕಾಣುತ್ತದೆ. ಸೆರಗಿನ ಕಡೆಯ ಎರಡು ಮೀಟರು ಹೆಚ್ಚಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಅನುಮಾನದ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು, ಪಿಸಿಯುವುದಾದರೆ ಹೊಲಿಗೆ ಮಿಷನ್ನಿನ ಕೆಳಗಲ್ಲ, ಈಗಲೇ ಪಿಸಿಯಲಿ. ನೂಲೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ ತಾಗಿಸಿ ನೋಡುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರಾದರೆ ಬೆಂಕಿ ಕಂಡ ಕೂಡಲೇ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿ. ಒಲೆ ಮುಂದೆ ಸಿಂಥೆಟಿಕ್ ಉಡಬೇಡಿ ಎನ್ನುವುದೂ ಇದಕ್ಕೇ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ.

ಇದರಲ್ಲಿ ಏನು ಹೊಲಿಯಬಹುದು? ಯೂಟ್ಯೂಬಿನಲ್ಲಿ ಹಳೆ ಸೀರೆಯಿಂದ ಅನಾರ್ಕಲಿ, ಗೌನು, ದಿಂಬಿನ ಕವರು, ಬಾಗಿಲ ಪರದೆ ಎಲ್ಲ ತೋರಿಸುತ್ತಾರೆ. ನನ್ನ ಓಟು ಜುಬ್ಬಕ್ಕೆ. ಹೆಣ್ಣು, ಗಂಡು, ಹರೆಯದವರು, ಮುದುಕರು ಯಾರು ಹಾಕಿದರೂ ನಡೆಯುತ್ತದೆ. ಹಳೆಯ ಜುಬ್ಬದ ಕತ್ತರಿಯಲ್ಲಿ ಸುತ್ತು, ಬಳುಕು ಕಡಿಮೆ, ಎಲ್ಲವೂ ನೇರ ಗೆರೆ. ಕೈಮಗ್ಗದ ಬಟ್ಟೆ ಒಂದಿಂಚೂ ಹಾಳಾಗಬಾರದು ಎಂದು ಯೋಚಿಸಿದ ಕಾಲದ ಕತ್ತರಿ ಅದು, ಹಾಗಾಗಿ ಹೊಲಿಗೆ ಕಲಿಯುತ್ತಿರುವವರಿಗೂ ಕೈಗೆಟುಕುತ್ತದೆ.

ಲೆಕ್ಕ ಹೀಗೆ. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 45 ಇಂಚು. 36 ಇಂಚು ಎದೆಯಳತೆಯವರಿಗೆ 31 ಇಂಚು ಉದ್ದ ಕತ್ತರಿಸಿ, ಪನ್ನವನ್ನು ನಡುವೆ ಸೀಳಿದರೆ ಮುಂದಿನ ತುಂಡೂ ಹಿಂದಿನ ತುಂಡೂ ಒಟ್ಟಿಗೇ ಬಂದವು. ಹೊಲಿಗೆಗೆ ಎರಡಿಂಚು ಕಳೆದರೂ ಸುತ್ತಳತೆ 43, ಅಂದರೆ ಮೈಗಿಂತ ಏಳು ಇಂಚು ಸಡಿಲ. ಟೈಲರ್ ಒಂದಿಂಚು ಬಿಡಲೇ ಎಂದು ಕೇಳಿದ್ದು ಜ್ಞಾಪಕವಿರಲಿ. ಇನ್ನೊಂದು 20 ಇಂಚು ಉದ್ದ ಕತ್ತರಿಸಿಕೊಂಡು ಅದರಲ್ಲಿ 16 ಇಂಚು ಅಗಲದ ಎರಡು ತೋಳು. ಪಕ್ಕದಲ್ಲಿ 13 ಇಂಚಿನ ಪಟ್ಟಿ ಉಳಿಯುತ್ತದೆ: ಅದರಲ್ಲಿ ಒಂದು ಜೇಬು, ಕತ್ತಿನ ಪಟ್ಟಿ, ಮತ್ತು ಕಂಕುಳಿಗೆ ಐದೈದು ಇಂಚಿನ ಎರಡು ಚೌಕ. ಒಟ್ಟು ಖರ್ಚಾದ ಬಟ್ಟೆ ಒಂದೂಕಾಲು ಮೀಟರಿಗಿಂತ ಚೂರು ಜಾಸ್ತಿ. ಐದೂವರೆ ಮೀಟರ್ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ಎರಡು ಜುಬ್ಬಕ್ಕೆ ಮೋಸವಿಲ್ಲ, ಒಮ್ಮೊಮ್ಮೆ ಮಗುವಿಗೊಂದು ಫ್ರಾಕೂ ಆಗುತ್ತದೆ.

ಕಂಕುಳ ಚೌಕದ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ಅದನ್ನು ಈಗ ಯಾರೂ ಇಡುತ್ತಿಲ್ಲ. ಬೆವರು ಹೆಚ್ಚು ಸುರಿಯುವ ಜಾಗ ಅದು, ಬಟ್ಟೆ ಮೊದಲು ಹರಿಯುವ ಜಾಗವೂ ಅದೇ. ಚೌಕ ತುಂಡನ್ನು ವಜ್ರದಾಕಾರಕ್ಕೆ ತಿರುಗಿಸಿ, ಒಂದು ಮೂಲೆ ತೋಳಿನ ಹೊಲಿಗೆಗೆ, ಎದುರಿನ ಮೂಲೆ ಪಕ್ಕೆಯ ಹೊಲಿಗೆಗೆ ಬರುವಂತೆ ಕೂರಿಸಿದರೆ, ಕೈಯೆತ್ತಿ ತೆಂಗಿನ ಗರಿ ಎಳೆದರೂ ಅಂಗಿ ಮೇಲಕ್ಕೆ ಜಗ್ಗುವುದಿಲ್ಲ, ಹೊಲಿಗೆ ಬಿಚ್ಚುವುದಿಲ್ಲ. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಪಾದ ಎತ್ತಿ, ಬಟ್ಟೆ ತಿರುಗಿಸಿಕೊಳ್ಳಬೇಕು. ಮೊದಲ ಚೌಕ ಸೊಟ್ಟಗಾಗುತ್ತದೆ, ಆಗಲಿ, ಕಂಕುಳು ಯಾರಿಗೆ ಕಾಣುತ್ತದೆ?

ಹಳೆ ಬಟ್ಟೆಗೆ ಹೊಸ ಬಟ್ಟೆಯ ಸೂಜಿ ಹಾಕಬಾರದು. ಮಿಷನ್ನಿನಲ್ಲಿ ಸಾಮಾನ್ಯವಾಗಿರುವ 14ನೇ ನಂಬರ್ ತೆಗೆದು 11 ಹಾಕಿಕೊಳ್ಳುವುದು, ಟಾಕು ಸ್ವಲ್ಪ ಉದ್ದ ಇಡುವುದು. ಒತ್ತೊತ್ತಾಗಿ ಹೊಲಿದರೆ ಸೂಜಿಯ ತೂತೇ ಹರಿಯಲು ಗೆರೆ ಹಾಕಿಕೊಟ್ಟ ಹಾಗೆ. ಪಾಲಿಯೆಸ್ಟರ್ ದಾರ ಸವೆದ ನೂಲಿಗಿಂತ ಗಟ್ಟಿ, ಎಳೆದಾಟವಾದರೆ ದಾರ ಉಳಿದು ಬಟ್ಟೆ ಸೀಳುತ್ತದೆ, ಅದಕ್ಕೆ ನೂಲಿನ ದಾರವೇ ಆಗಬೇಕು. ಒಳಗೆ ಓವರ್‌ಲಾಕ್ ಮಾಡಿಸುವ ಬದಲು, ಮೊದಲು ಹೊರಗಿನಿಂದ ಕಾಲಿಂಚು ಹೊಲಿದು, ತಿರುಗಿಸಿ, ಒಳಗಿನಿಂದ ಮತ್ತೊಮ್ಮೆ ಹೊಲಿದರೆ ಅಂಚು ಒಳಗೇ ಮುಚ್ಚಿಹೋಗುತ್ತದೆ, ಬೆವರಿದ ಮೈಗೆ ಚುಚ್ಚುವುದಿಲ್ಲ. ಒಗೆದ ಮೇಲೆ ತೆಳ್ಳನೆ ಅಕ್ಕಿಗಂಜಿ ಹಾಕಿದರೆ ಬಟ್ಟೆ ಮೈಗಂಟದೆ ಸೆಟೆದು ನಿಲ್ಲುತ್ತದೆ. ದಪ್ಪಗೆ ಹಾಕಿದರೆ ರಾಜಕಾರಣಿಯಾಗುತ್ತೀರಿ.

ಇಷ್ಟೆಲ್ಲ ಮಾಡಲು ಮನೆಯಲ್ಲಿ ಹೊಲಿಗೆ ಮಿಷನ್ ಬೇಕಲ್ಲ ಎನ್ನಬಹುದು. ಯಂತ್ರಗಳ ಹುಚ್ಚನ್ನು ಕಂಡರಾಗದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟು, ಅದು ಹೆಂಡತಿಯ ಕಷ್ಟ ನೋಡಲಾರದೆ ಒಬ್ಬ ಕಂಡುಹಿಡಿದ ಉಪಕಾರಿ ವಸ್ತು ಎಂದು ಹೊಗಳಿದ್ದರು. ನಮ್ಮ ಹಳ್ಳಿಗಳಲ್ಲಿ ಮಿಷನ್ನಿಗೆ ಬರವಿಲ್ಲ. ತರಬೇತಿಯಲ್ಲಿ ಸಿಕ್ಕಿದ್ದು, ಸಂಘದ ಸಾಲದಲ್ಲಿ ಕೊಂಡದ್ದು, ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದವರು ತಂದಿಟ್ಟುಕೊಂಡದ್ದು ಬೀದಿಗೆ ಒಂದಾದರೂ ಇರುತ್ತದೆ. ಗಾರ್ಮೆಂಟ್ಸ್‌ನಲ್ಲಿ ದುಡಿದವರ ಕೈಯ ವೇಗ ನೋಡಬೇಕು. ಆದರೆ ಅಲ್ಲಿ ಒಬ್ಬರು ದಿನವಿಡೀ ಕಾಲರೊಂದನ್ನೇ ಹೊಲಿದಿರುತ್ತಾರೆ, ಇನ್ನೊಬ್ಬರು ಜೇಬೊಂದನ್ನೇ. ಪೂರ್ತಿ ಅಂಗಿ ಕತ್ತರಿಸಿ ಅಂತ ಕೊಟ್ಟರೆ ಅವರೂ ಹಿಂಜರಿಯುತ್ತಾರೆ. ಅವರಿಗೆ ಜುಬ್ಬದ ನೇರ ಕತ್ತರಿ ಒಳ್ಳೆಯ ಶುರು. ಗುಂಡಿ, ದಾರ, ಲಾಡಿ ಬೇಕೆಂದರೆ ತುಮಕೂರಿಗೆ ಹೋಗಿಬರಲು 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜೂ ಇಲ್ಲ.

ಈಗ ಬಣ್ಣ. ಮಾಸಿದ ಪಂಚೆಯಲ್ಲಿ ಜುಬ್ಬ ಹೊಲಿದರೆ ಅದು ಮಾಸಿದ ಜುಬ್ಬವೇ. ಅದಕ್ಕೆ ಹೊಸ ಕಳೆ ಕೊಡುವ ವಸ್ತು ಇದೇ ಊರುಗಳಲ್ಲಿ ಹಂಡೆಗಟ್ಟಲೆ ತಯಾರಾಗುತ್ತದೆ. ಅಡಿಕೆ ಚೊಗರು. ಹಸಿ ಅಡಿಕೆ ಸುಲಿದು ನೀರಲ್ಲಿ ಬೇಯಿಸುವಾಗ ಇಳಿಯುವ ಕೆಂಗಂದು ರಸ, ಒಬ್ಬೆ ಮೇಲೆ ಒಬ್ಬೆ ಬೇಯಿಸುತ್ತಾ ಹೋದ ಹಾಗೆ ಗಟ್ಟಿಯಾಗುತ್ತದೆ. ಅಡಿಕೆಗೆ ಬಣ್ಣ ಕಟ್ಟಲು ಅದನ್ನೇ ಬಳಸುತ್ತಾರೆ, ಉಳಿದದ್ದು ಡ್ರಮ್ಮು ಸೇರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸರ್ವೆಗೆಂದು ಹೊರಟ ಬುಕಾನನ್ 1800ರಲ್ಲಿ ಈ ದಾರಿಯಲ್ಲಿ ಬಂದಾಗ ಗುಬ್ಬಿಯದು ಹೆಸರುವಾಸಿ ಸಂತೆ. ಒರಟು ಹತ್ತಿಬಟ್ಟೆಯೂ ಅಡಿಕೆಯೂ ಅಲ್ಲಿ ಅಕ್ಕಪಕ್ಕದಲ್ಲೇ ಮಾರಾಟವಾಗುತ್ತಿದ್ದವು. ಬಟ್ಟೆ ಹೋಯಿತು, ಅಡಿಕೆ ಉಳಿಯಿತು.

ಚೊಗರನ್ನು ಬಟ್ಟೆಗೆ ಹತ್ತಿಸಿ ಹೆಸರು ಮಾಡಿದವರು ಮಲೆನಾಡಿನವರು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆಗಳಿಗೆ ಅಡಿಕೆ ಚೊಗರೇ ಒಂದು ಮುಖ್ಯ ಬಣ್ಣ. ‘ದೇಸಿ’ ಅಂಗಡಿಗಳಲ್ಲಿ ಸಿಗುವ ಆ ಕಂದು-ಕೆಂಪು ಜುಬ್ಬಗಳನ್ನು ಕಂಡವರಿಗೆ ಅದರ ಅಂದ ಗೊತ್ತು. ನೂತವರ, ನೇಯ್ದವರ ಕೂಲಿ ಲೆಕ್ಕ ಹಾಕಿದರೆ ಅವುಗಳ ಬೆಲೆ ನ್ಯಾಯವಾದದ್ದೇ, ಆದರೆ ಕೂಲಿಗೆ ಹೋಗುವ ಮನೆಯ ಬಜೆಟ್ಟಿಗೆ ಒಗ್ಗುವುದಿಲ್ಲ. ಅಡಿಕೆ ಬೆಳೆಯುವ ನಿಟ್ಟೂರು, ಕಡಬ, ಚೇಳೂರಿನವರು ಅದೇ ಬಣ್ಣವನ್ನು ಹಳೆ ಪಂಚೆಗೆ ಹಾಕಿಕೊಳ್ಳಲು ಅಡ್ಡಿ ಏನು?

ಚೊಗರಿನ ಸತ್ವ ಟ್ಯಾನಿನ್. ಬಾಳೆ ಕರೆ ಅಂಗಿಗೆ ಹತ್ತಿದರೆ ಯಾಕೆ ಹೋಗುವುದಿಲ್ಲವೋ ಇದೂ ಅದಕ್ಕೇ ಹೋಗುವುದಿಲ್ಲ. ಹತ್ತಿಯ ಎಳೆ ಹಿಡಿದರೆ ಬಿಡದ ಗುಣ. ಮೊದಲು ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಕುದಿಸಿ ಜಾಲಿಸಬೇಕು, ಎಣ್ಣೆಜಿಡ್ಡು, ಗಂಜಿ ಉಳಿದರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಅಡುಗೆಗೆ ಮತ್ತೆ ಬಳಸದ ಒಂದು ಸ್ಟೀಲ್ ಪಾತ್ರೆ, ಬಟ್ಟೆ ಆರಾಮಾಗಿ ಮುಳುಗಿ ತಿರುಗುವಷ್ಟು ನೀರು, ನೀರು ಕಡು ಡಿಕಾಕ್ಷನ್ನಿನ ಬಣ್ಣಕ್ಕೆ ಬರುವಷ್ಟು ಚೊಗರು. ಒದ್ದೆ ಬಟ್ಟೆಯನ್ನೇ ಇಳಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಕೋಲಿನಿಂದ ಆಗಾಗ ಮಗುಚುತ್ತಿರಬೇಕು. ಸುಮ್ಮನೆ ಬಿಟ್ಟರೆ ಮಡಿಕೆಗಳ ಗೆರೆ ಉಳಿಯುತ್ತದೆ. ಉರಿ ಆರಿಸಿ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಹಿಂಡಿ ನೆರಳಲ್ಲಿ ಒಣಗಿಸಿ, ಆಮೇಲೆ ತಣ್ಣೀರಲ್ಲಿ ಜಾಲಿಸುವುದು. ಒದ್ದೆಯಿದ್ದಾಗ ಕಂಡ ಗಾಢ ಬಣ್ಣ ಒಣಗಿದ ಮೇಲೆ ಎರಡು ಮೆಟ್ಟಿಲು ಇಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ, ಮತ್ತೊಮ್ಮೆ ಅದ್ದಿದರೆ ಏರುತ್ತದೆ.

ಇದರೊಳಗೆ ಎರಡು ಆಟಗಳಿವೆ. ಬಣ್ಣ ಹಾಕಿದ ಬಟ್ಟೆಯನ್ನು ಸುಣ್ಣದ ತಿಳಿನೀರಲ್ಲಿ ಅದ್ದಿದರೆ ಕಂದು ಕೆಂಪಿನ ಕಡೆ ವಾಲುತ್ತದೆ. ಎಲೆ-ಅಡಿಕೆ-ಸುಣ್ಣ ಅಗಿದ ಬಾಯಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಲ್ಲಿ ಹಾಕಿ ಎರಡು ಮೂರು ವಾರ ಕೊಳೆಯಿಸಿ, ಸೋಸಿ, ಆ ನೀರಲ್ಲಿ ಅದ್ದಿದರೆ ಕಂದು ಬಣ್ಣ ಬೂದು, ಕಪ್ಪಿಗೆ ತಿರುಗುತ್ತದೆ. ಕಲಂಕಾರಿಯವರ ಕಪ್ಪು ಹುಟ್ಟುವುದು ಹೀಗೆಯೇ, ಕಬ್ಬಿಣವೂ ಟ್ಯಾನಿನ್ನೂ ಕೂಡಿ. ಅಡಿಕೆ ಸುಲಿಯುವ ಹೆಂಗಸರ ಬೆರಳು ಸುಗ್ಗಿಯುದ್ದಕ್ಕೂ ಕಪ್ಪಾಗಿರುವುದಕ್ಕೂ ಇದೇ ಟ್ಯಾನಿನ್ ಕಾರಣ, ಅದರ ಜೊತೆಗೆ ಕಬ್ಬಿಣದ ಮೆಟ್ಟುಗತ್ತಿ. ಎಷ್ಟು ತಿಕ್ಕಿದರೂ ಹೋಗದ ಆ ಕರೆಯನ್ನು ಮದುವೆ ಮನೆಯಲ್ಲಿ ಸೆರಗಿನೊಳಗೆ ಅಡಗಿಸಿಕೊಳ್ಳುತ್ತಾರೆ. ಬಟ್ಟೆಯ ಮೇಲೆ ಬಂದರೆ ಅದಕ್ಕೇ ಪೇಟೆಯಲ್ಲಿ ಬೆಲೆ. ಕಬ್ಬಿಣದ ನೀರು ಹದ ಮೀರಬಾರದು, ಹೆಚ್ಚಾದರೆ ನೂಲು ಬೇಗ ಪುಡಿಯಾಗುತ್ತದೆ.

ರೆಡಿಮೇಡ್ ಅಂಗಿಯನ್ನು ಚೊಗರಿಗೆ ಇಳಿಸಿದರೆ ಒಂದು ತಮಾಷೆ ಕಾಣಸಿಗುತ್ತದೆ. ಬಟ್ಟೆಯೆಲ್ಲ ಕಂದು, ಹೊಲಿಗೆ ಮಾತ್ರ ಬೆಳ್ಳಗೆ. ಪಾಲಿಯೆಸ್ಟರ್ ದಾರಕ್ಕೆ ಚೊಗರು ಹತ್ತಲಿಲ್ಲ. ಕಾಲರಿನ ಸುತ್ತ, ಕಾಜಗಳ ಅಂಚಿಗೆ, ಜೇಬಿನ ಮೂಲೆಗೆ ಬೆಳ್ಳನೆ ಗೆರೆ ಎದ್ದು, ಬೇಕೆಂದೇ ಮಾಡಿಸಿದ ಅಲಂಕಾರದಂತೆ ಕಾಣುತ್ತದೆ. ನೋಡಿದವರು ಎಲ್ಲಿ ತಗೊಂಡ್ರಿ ಎಂದು ಕೇಳುತ್ತಾರೆ. ಈ ಅಂಗಿಯನ್ನು ಬೇರೆ ಬಟ್ಟೆಗಳ ಜೊತೆ ನೆನೆಹಾಕಬಾರದು, ಬ್ಲೀಚು ತಾಗಿಸಬಾರದು. ಅರಿಸಿನದ ಬಣ್ಣವನ್ನೂ ಕೆಲವರು ಹೇಳಿಕೊಡುತ್ತಾರೆ, ಆದರೆ ಅದು ಬಿಸಿಲಿಗೆ ನಿಲ್ಲುವುದಿಲ್ಲ, ಬೇಸಿಗೆ ಬಟ್ಟೆಗೆ ಬಿಸಿಲಿಗೆ ಹೆದರುವ ಬಣ್ಣ ಹಾಕುವುದರಲ್ಲಿ ಅರ್ಥವಿಲ್ಲ. ದಾಳಿಂಬೆ ಸಿಪ್ಪೆಯ ಹಳದಿ ಅದಕ್ಕಿಂತ ಎಷ್ಟೋ ವಾಸಿ.

ತೆಂಗಿನ ಸೀಮೆಯವರು ಗುಂಡಿಯನ್ನೂ ಕೊಳ್ಳಬೇಕಿಲ್ಲ. ಚಿಪ್ಪನ್ನು ನೆನೆಸಿ, ಸಣ್ಣ ಗರಗಸದಲ್ಲಿ ತುಂಡು ಮಾಡಿ, ಉಪ್ಪುಕಾಗದದಲ್ಲಿ ಉಜ್ಜಿ ಕೊಬ್ಬರಿ ಎಣ್ಣೆ ಸವರಿದರೆ ಅಚ್ಚ ಕರಿಗುಂಡಿ. ತೂತು ಕೊರೆಯುವಾಗ ಅರ್ಧಕ್ಕರ್ಧ ಸೀಳಿಹೋಗುವುದು ಗ್ಯಾರಂಟಿ, ಹಾಗಾಗಿ ಇದು ಬೇಸಿಗೆ ರಜೆಯಲ್ಲಿ ಮೊಬೈಲ್ ಕಿತ್ತುಕೊಂಡ ಮಕ್ಕಳಿಗೆ ಒಪ್ಪಿಸಬೇಕಾದ ಕೆಲಸ.

ಕೊನೆಗೆ ಹೊತ್ತು ಗೊತ್ತಿನ ವಿಚಾರ. ಅಡಿಕೆ ಬೇಯಿಸುವ ಭರಾಟೆ ಮಳೆಗಾಲದ ಕೊನೆಯಿಂದ ದೀಪಾವಳಿ ದಾಟುವವರೆಗೆ. ಫಸಲು ಗುತ್ತಿಗೆ ಹಿಡಿದು ಚೇಣಿ ಮಾಡುವವರ ಹತ್ತಿರ ಆಗಲೇ ಕೇಳಿ ಒಂದೈದು ಲೀಟರ್ ಕ್ಯಾನಿನಲ್ಲಿ ತುಂಬಿಟ್ಟುಕೊಂಡವರಿಗೆ ಬೇಸಿಗೆಯಲ್ಲಿ ಪರದಾಟವಿಲ್ಲ. ಹಾಗೆ ತುಂಬಿಟ್ಟುಕೊಳ್ಳದವರು ಯಾರ ಮನೆಯ ಡ್ರಮ್ಮಿನಲ್ಲಿ ತಳ ಉಳಿದಿದೆ ಎಂದು ವಿಚಾರಿಸಬೇಕು. ಟೈಲರ್ ಹತ್ತಿರವೇ ಹೊಲಿಸುವುದಾದರೆ ಯುಗಾದಿಗೆ ಮುಂಚೆ ಬಟ್ಟೆ ಕೊಟ್ಟುಬಿಡಿ. ಲಗ್ನದ ಬ್ಲೌಸುಗಳ ರಾಶಿ ಬಿದ್ದ ಮೇಲೆ, ಅಜ್ಜಿ ಸೀರೆಯ ಜುಬ್ಬವನ್ನು ಆಷಾಢದವರೆಗೆ ಯಾರೂ ಮುಟ್ಟುವುದಿಲ್ಲ.